ಹಳೆಯ ಜಾವಾ, ಯೆಜ್ಡಿ ಕೈಕೊಟ್ಟಾಗ: ಲಕ್ಷಣ ನೋಡಿ ದೋಷ ಹಿಡಿಯುವ ಬಗೆ

ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಲ್ಲಿ ಹೊರಬರಲು ಶುರುವಾದ ಬೈಕುಗಳ ತಯಾರಿಕೆ 1996ರಲ್ಲಿ ನಿಂತುಹೋಯಿತು. ಮೊದಲು ಜಾವಾ ಹೆಸರಿನಲ್ಲಿ, ಎಪ್ಪತ್ತರ ದಶಕದಿಂದ ಯೆಜ್ಡಿ ಹೆಸರಿನಲ್ಲಿ ಬಂದ ಈ ಗಾಡಿಗಳು ಇಂದಿಗೂ ರಸ್ತೆಯಲ್ಲಿವೆ ಎಂದರೆ ಅದಕ್ಕೆ ಕಾರಣ, ಭಾನುವಾರ ಬಂತೆಂದರೆ ಸ್ಪ್ಯಾನರ್ ಹಿಡಿದು ಮನೆಯ ಶೆಡ್ಡಿನಲ್ಲಿ ಕೂರುವ ಹವ್ಯಾಸಿಗಳು. ಈ ಕೈಪಿಡಿ ಅವರಿಗಾಗಿ. ಇಲ್ಲಿ ಹೇಳಿರುವುದೆಲ್ಲ 6 ವೋಲ್ಟ್ ಬ್ಯಾಟರಿ, ಪಾಯಿಂಟ್ (ತೆರೆದು ಮುಚ್ಚಿ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು) ಮತ್ತು ಕಂಡೆನ್ಸರ್ (ಪಾಯಿಂಟ್ ಸುಡದಂತೆ ಕಾಯುವ ಭಾಗ) ಇರುವ, ಒಂದೇ ಸಿಲಿಂಡರಿನ 250 ಸಿಸಿ ಟೂ-ಸ್ಟ್ರೋಕ್ ಗಾಡಿಗಳ, ಅಂದರೆ ಪೆಟ್ರೋಲಿಗೇ ಎಣ್ಣೆ ಬೆರೆಸಿ ಓಡಿಸುವ ಗಾಡಿಗಳ ಬಗ್ಗೆ. ನಿಮ್ಮ ಗಾಡಿಯನ್ನು ಯಾರಾದರೂ 12 ವೋಲ್ಟಿಗೆ ಅಥವಾ ಎಲೆಕ್ಟ್ರಾನಿಕ್ ಇಗ್ನಿಷನ್ನಿಗೆ ಬದಲಿಸಿದ್ದರೆ, ವೋಲ್ಟಿನ ಅಂಕಿಗಳನ್ನೋ ಪಾಯಿಂಟಿನ ಮಾತನ್ನೋ ಬಿಟ್ಟು ಉಳಿದದ್ದನ್ನು ಓದಿಕೊಳ್ಳಿ.

ಗಾಡಿ ನಿಂತ ಕೂಡಲೇ ಎಲ್ಲರ ಕೈ ಮೊದಲು ಹೋಗುವುದು ಪೆಟ್ರೋಲನ್ನೂ ಗಾಳಿಯನ್ನೂ ಬೆರೆಸುವ ಕಾರ್ಬುರೇಟರಿಗೆ. ಇದು ತಪ್ಪು ಎಂಬುದು ನನ್ನ ಖಚಿತ ಅಭಿಪ್ರಾಯ. ಕಾರ್ಬುರೇಟರಿನ ದೋಷವೆಂದು ಹೆಸರು ಹೊತ್ತ ತೊಂದರೆಗಳಲ್ಲಿ ದೊಡ್ಡ ಪಾಲು ವಿದ್ಯುತ್ತಿನದು. ಅದನ್ನು ಪರೀಕ್ಷಿಸಲು ಕಾಸು ಖರ್ಚಿಲ್ಲ, ಹೆಚ್ಚೇನನ್ನೂ ಬಿಚ್ಚಬೇಕಾಗಿಯೂ ಇಲ್ಲ. ಆದ್ದರಿಂದ ಮೊದಲು ಕಿಡಿ, ಆಮೇಲೆ ಪೆಟ್ರೋಲ್, ಆಮೇಲೆ ಗಾಳಿ, ಕೊನೆಗೆ ಇಂಜಿನ್ನಿನ ಒಳಭಾಗ. ಒಂದು ಬಾರಿಗೆ ಒಂದನ್ನೇ ಬದಲಿಸಿ. ಪ್ಲಗ್, ಪಾಯಿಂಟ್, ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಸಣ್ಣ ತೂತಿನ ಭಾಗ) ಮೂರನ್ನೂ ಒಟ್ಟಿಗೆ ಬದಲಿಸಿದರೆ ಗಾಡಿ ಓಡಬಹುದು, ಆದರೆ ಕೆಟ್ಟಿದ್ದು ಯಾವುದೆಂದು ನಿಮಗೆ ತಿಳಿಯುವುದಿಲ್ಲ. ಚೆನ್ನಾಗಿದ್ದ ಹಳೆಯ ಮೂಲ ಭಾಗಗಳು ಗುಜರಿಗೆ ಹೋಗುತ್ತವೆ, ಅಂಥವು ಮತ್ತೆ ಸಿಗುವುದು ಕಷ್ಟ.

ಕೈ ಹಾಕುವ ಮುನ್ನ

ಪ್ಲಗ್ ಸ್ಪ್ಯಾನರ್, ಫೀಲರ್ ಗೇಜ್ (ಸಣ್ಣ ಅಂತರ ಅಳೆಯುವ ತೆಳು ಪಟ್ಟಿಗಳು), ಸಾಧಾರಣ ಮಲ್ಟಿಮೀಟರ್, 6 ವೋಲ್ಟಿನ ಸಣ್ಣ ಬಲ್ಬಿಗೆ ಎರಡು ತಂತಿ ಬೆಸೆದು ಮಾಡಿಕೊಂಡ ಟೆಸ್ಟ್ ಲ್ಯಾಂಪ್, ಹೊಸದೊಂದು ಪ್ಲಗ್. ಮುಕ್ಕಾಲು ಪಾಲು ಪರೀಕ್ಷೆಗೆ ಇಷ್ಟು ಸಾಕು.

ಶೆಡ್ಡಿನ ಬಾಗಿಲು ತೆರೆದೇ ಇರಲಿ. ಮುಚ್ಚಿದ ಜಾಗದಲ್ಲಿ ಇಂಜಿನ್ ಓಡಿಸಿದರೆ ತುಂಬಿಕೊಳ್ಳುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಅದು ಜೀವ ತೆಗೆಯುತ್ತದೆ. ಪೆಟ್ರೋಲ್ ಇಳಿಸುವಾಗ ಹತ್ತಿರ ದೀಪ, ಊದುಬತ್ತಿ, ಬೀಡಿ ಯಾವುದೂ ಬೇಡ. ಪೆಟ್ರೋಲಿನ ಆವಿ ಗಾಳಿಗಿಂತ ಭಾರವಾದದ್ದು. ಅದು ನೆಲದ ಮೇಲೆಯೇ ಹರಡಿ ಮೂಲೆಯ ಕಿಡಿಯವರೆಗೂ ತಲುಪುತ್ತದೆ. ಪುಡಿ ತುಂಬಿದ ಅಗ್ನಿಶಾಮಕ ಕೈಗೆಟಕುವಂತಿರಲಿ, ಉರಿಯುವ ಪೆಟ್ರೋಲಿಗೆ ನೀರು ಸುರಿಯಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಡ್ರಮ್ಮಿನ ಧೂಳನ್ನು ಬಾಯಿಂದಲೋ ಕಂಪ್ರೆಸರಿನಿಂದಲೋ ಊದಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಿರಿ.

ಎಷ್ಟು ಕಿಕ್ ಹೊಡೆದರೂ ಸ್ಟಾರ್ಟ್ ಆಗುವುದಿಲ್ಲ

ಈ ಗಾಡಿಗಳಲ್ಲಿ ಗೇರಿಗೂ ಕಿಕ್ಕಿಗೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ತಿರುಗಿಸಿದಾಗ ಕಿಕ್ ಆಗುತ್ತದೆ. ಲಿವರ್ ಪೂರ್ತಿ ಹಲ್ಲಿಗೆ ಕೂರದೆ ಜಾರುತ್ತಿದ್ದರೆ ಅದು ಬೇರೆಯೇ ಕೆಲಸ. ಇಂಜಿನ್ ತಿರುಗುತ್ತಿದೆ, ಆದರೆ ಹತ್ತಿಕೊಳ್ಳುತ್ತಿಲ್ಲ ಎಂದಾದರೆ ಮುಂದೆ ಓದಿ.

ಕೀ ಹಾಕಿದಾಗ ಹೆಡ್‌ಲ್ಯಾಂಪ್ ಮೇಲಿನ ಕೆಂಪು ದೀಪ ಹೊತ್ತಿತೇ? ಹೊತ್ತದಿದ್ದರೆ ಅಥವಾ ಮಂಕಾಗಿದ್ದರೆ ಮೊದಲು ಬ್ಯಾಟರಿ. ಇದು ಬ್ಯಾಟರಿಯಿಂದ ಕಿಡಿ ಪಡೆಯುವ ಏರ್ಪಾಡು, ಬ್ಯಾಟರಿ ಸೋತರೆ ಕಿಡಿಯೂ ಸೋಲುತ್ತದೆ. ತುಂಬಿದ ಬ್ಯಾಟರಿ ಸುಮ್ಮನಿರುವಾಗ 6.3 ವೋಲ್ಟ್ ಆಸುಪಾಸು ತೋರಿಸಬೇಕು. 6ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಯಾವ ಪರೀಕ್ಷೆಯನ್ನೂ ಮಾಡಬೇಡಿ, ಸಿಗುವ ಉತ್ತರಗಳೆಲ್ಲ ಸುಳ್ಳಾಗಿರುತ್ತವೆ. ಬ್ಯಾಟರಿ ಸರಿಯಿದ್ದೂ ದೀಪ ಹೊತ್ತದಿದ್ದರೆ ಫ್ಯೂಸ್, ಕೀ ಸ್ವಿಚ್ಚಿನೊಳಗಿನ ಲೋಹದ ಪಟ್ಟಿ, ಬಾಡಿಗೆ ಸೇರುವ ಅರ್ಥ್ ತಂತಿ. ಮಳೆಗಾಲ ಕಳೆದ ಮೇಲೆ ಈ ಮೂರರಲ್ಲಿ ಒಂದು ತುಕ್ಕು ಹಿಡಿದಿರುವುದು ಮಾಮೂಲು. 6 ವೋಲ್ಟಿನ ಗಾಡಿಯಲ್ಲಿ ಅರ್ಧ ವೋಲ್ಟ್ ಕಳೆದುಹೋದರೂ ಅದು ದೊಡ್ಡ ನಷ್ಟ. ಆದ್ದರಿಂದ ಜೋಡಣೆಗಳನ್ನು ಮರಳುಕಾಗದದಿಂದ ಉಜ್ಜಿ ಹೊಳಪು ಬರಿಸುವುದಕ್ಕೆ ಬೇಸರಪಡಬೇಡಿ.

ಈಗ ಪ್ಲಗ್ ಬಿಚ್ಚಿ ಅದರ ಮೂತಿ ನೋಡಿ. ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ. ತೊಯ್ದು ಪೆಟ್ರೋಲ್ ವಾಸನೆ ಬಂದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ ಅಥವಾ ತೀರಾ ಸಣ್ಣದಾಗಿದೆ. ಮೂತಿಯ ಎರಡು ಲೋಹದ ತುದಿಗಳ ನಡುವೆ ಮಸಿಯ ಎಳೆ ಸೇತುವೆಯಂತೆ ಅಂಟಿದ್ದರೆ ಕಥೆ ಅಲ್ಲಿಗೇ ಮುಗಿಯಿತು. ಟೂ-ಸ್ಟ್ರೋಕಿನಲ್ಲಿ ಇದು ಆಗಾಗ ಆಗುತ್ತದೆ, ಸ್ವಚ್ಛಗೊಳಿಸಿ 0.6 ಮಿ.ಮೀ. ಅಂತರ ಕೊಟ್ಟು ಹಾಕಿ.

ಕಿಡಿ ನೋಡಲು ಪ್ಲಗ್ಗನ್ನು ಕ್ಯಾಪಿಗೆ ಸಿಕ್ಕಿಸಿ, ಅದರ ಲೋಹದ ಮೈ ಇಂಜಿನ್ನಿಗೆ ತಾಗುವಂತೆ ಇಟ್ಟು ಕಿಕ್ ಹೊಡೆಯಿರಿ. ಪ್ಲಗ್ ತೆಗೆದ ತೂತಿನಿಂದ ಅದು ದೂರವಿರಲಿ. ತೂತಿನಿಂದ ಪೆಟ್ರೋಲಿನ ಆವಿ ಹೊರಬರುತ್ತದೆ, ಕಿಡಿ ತಾಗಿದರೆ ಮುಖಕ್ಕೇ ಬೆಂಕಿ ಬಡಿಯುತ್ತದೆ. ಬಿಸಿಲಿನಲ್ಲಿ ನೋಡಿದರೆ ಒಳ್ಳೆಯ ಕಿಡಿಯೂ ಕಾಣುವುದಿಲ್ಲ, ಗಾಡಿಯನ್ನು ನೆರಳಿಗೆ ತನ್ನಿ. ನೀಲಿ ಬಣ್ಣದಲ್ಲಿ ಚಟ್ ಎಂದು ಸದ್ದು ಮಾಡುವ ಕಿಡಿ ಆರೋಗ್ಯದ್ದು. ಕಿತ್ತಳೆ ಬಣ್ಣದ, ಸದ್ದಿಲ್ಲದ, ಕೂದಲೆಳೆಯಂಥ ಕಿಡಿ ಹೊರಗೆ ಕಾಣಿಸಿದರೂ ಸಿಲಿಂಡರಿನ ಒತ್ತಡದಲ್ಲಿ ಆರಿಹೋಗುತ್ತದೆ.

ಕಿಡಿ ಸೊರಗಿದ್ದರೆ ಬಲಗಡೆಯ ಮುಚ್ಚಳ ತೆಗೆದು ಪಾಯಿಂಟ್ ನೋಡಿ. ಪೂರ್ತಿ ತೆರೆದಾಗ ಅಂತರ 0.4 ಮಿ.ಮೀ. ಇರಲಿ. ಎರಡೂ ಮುಖಗಳ ಮೇಲೆ ಟಾರ್ಚ್ ಬಿಟ್ಟು ಪರೀಕ್ಷಿಸಿ. ಬೂದು ಬಣ್ಣಕ್ಕೆ ತಿರುಗಿ ಸಮತಟ್ಟಾಗಿದ್ದರೆ ಚಿಂತೆಯಿಲ್ಲ. ಒಂದು ಮುಖದಲ್ಲಿ ಸಾಸಿವೆ ಕಾಳಿನ ತುದಿಯಷ್ಟು ಗುಳಿ, ಎದುರಿನದರಲ್ಲಿ ಅಷ್ಟೇ ಗಾತ್ರದ ಮೊನೆ ಎದ್ದಿದ್ದರೆ ಕಂಡೆನ್ಸರನ್ನು ಅನುಮಾನಿಸಬೇಕು. ಮೊನೆಯನ್ನು ಉಜ್ಜಿ ಬಿಟ್ಟರೆ ಕೆಲ ದಿನಗಳಲ್ಲಿ ಮತ್ತೆ ಏಳುತ್ತದೆ. ಮುಚ್ಚಳ ತೆಗೆದೇ ಕಿಕ್ ಹೊಡೆದಾಗ ಪಾಯಿಂಟಿನ ನಡುವೆ ಬೆಳ್ಳಗೆ ಕಿಡಿ ಹಾರುತ್ತಿದ್ದರೂ ಅರ್ಥ ಅದೇ. ಕಂಡೆನ್ಸರ್ ಅಗ್ಗದ ಭಾಗ, ಅನುಮಾನ ಬಂದರೆ ಬದಲಿಸಿಬಿಡಿ. ಆದರೆ ಈಗ ಸಿಗುವ ಹೊಸದರಲ್ಲಿ ಕಳಪೆಯೂ ಇರುವುದರಿಂದ ಹಳೆಯದನ್ನು ಎಸೆಯುವ ಮುನ್ನ ಹೊಸದನ್ನು ಓಡಿಸಿ ನೋಡಿ.

ಒಂದು ಎಚ್ಚರಿಕೆ: ಇಂಜಿನ್ ಓಡದಿರುವಾಗ ಕೀಯನ್ನು ಹಾಕಿಯೇ ಬಿಡಬೇಡಿ. ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿದ್ದರೆ ಕಾಯಿಲಿನಲ್ಲಿ (ಬ್ಯಾಟರಿಯ ವೋಲ್ಟನ್ನು ಕಿಡಿಗೆ ಬೇಕಾದಷ್ಟು ಏರಿಸುವ ತಂತಿಸುರುಳಿ) ಕರೆಂಟ್ ಹರಿಯುತ್ತಲೇ ಇರುತ್ತದೆ. ಬ್ಯಾಟರಿ ಇಳಿಯುತ್ತದೆ, ಕಾಯಿಲ್ ಬೆಂದುಹೋಗುತ್ತದೆ.

ಕಿಡಿ ಚೆನ್ನಾಗಿದ್ದು ಪ್ಲಗ್ ಒಣಗಿದ್ದರೆ ಆಗ ಮಾತ್ರ ಪೆಟ್ರೋಲಿನ ಕಡೆಗೆ. ಕಾರ್ಬುರೇಟರಿನ ಬಳಿ ಪೈಪು ಕಳಚಿ, ಬಾಟಲಿ ಹಿಡಿದು ಟ್ಯಾಂಕಿನ ಕೆಳಗಿನ ಪೆಟ್ರೋಲ್ ಕಾಕ್ ತೆರೆಯಿರಿ. ಧಾರೆ ಕಡಿಯದೆ ಬರಬೇಕು. ತೊಟ್ಟಿಕ್ಕಿದರೆ ಕಾಕಿನೊಳಗಿನ ಜಾಲರಿಯಲ್ಲಿ ಟ್ಯಾಂಕಿನ ತುಕ್ಕು ಕೂತಿದೆ. ಬಾಟಲಿಯನ್ನು ಸ್ವಲ್ಪ ಹೊತ್ತು ನಿಲ್ಲಿಸಿ ತಳ ನೋಡಿ. ಈಗಿನ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇರುತ್ತದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ಮತ್ತು ಎಥನಾಲ್ ಬೇರೆಯಾಗಿ ತಳಕ್ಕೆ ಇಳಿದಿರುತ್ತವೆ. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಪೂರ್ತಿ ಖಾಲಿ ಮಾಡಿ. ಹಳೆಯ ಕಾಕಿನ ಬಿರಡೆಯನ್ನೂ ರಬ್ಬರನ್ನೂ ಇದೇ ಎಥನಾಲ್ ಉಬ್ಬಿಸಿ ಹಾಳುಮಾಡುತ್ತದೆ. ಗಾಡಿಯನ್ನು ಬಹಳ ದಿನ ನಿಲ್ಲಿಸುವುದಾದರೆ ಕಾರ್ಬುರೇಟರಿನ ಬಟ್ಟಲನ್ನು ಖಾಲಿ ಮಾಡಿಯೇ ನಿಲ್ಲಿಸಿ.

ಧಾರೆ ಸರಿಯಿದ್ದರೆ ಕಾರ್ಬುರೇಟರ್ ಬಿಚ್ಚಬಹುದು. ಜೆಟ್ಟಿನ ತೂತಿಗೆ ತಂತಿ, ಸೂಜಿ ತೂರಿಸಬೇಡಿ, ಹಿತ್ತಾಳೆ ಸವೆದು ತೂತು ದೊಡ್ಡದಾದರೆ ಜೆಟ್ಟಿನ ಲೆಕ್ಕವೇ ತಪ್ಪುತ್ತದೆ. ಕ್ಲೀನರ್ ಹಾಕಿ ಗಾಳಿಯಲ್ಲಿ ಊದಿ. ಕಣ್ಣಿಗೆ ಕನ್ನಡಕವಿರಲಿ.

ಚೆನ್ನಾಗಿ ಓಡುತ್ತದೆ, ಬಿಸಿಯಾದ ಮೇಲೆ ನಿಲ್ಲುತ್ತದೆ

ಹವ್ಯಾಸಿಗಳನ್ನು ಅತಿ ಹೆಚ್ಚು ಗೋಳು ಹೊಯ್ದುಕೊಳ್ಳುವ ದೋಷ ಇದು. ಶೆಡ್ಡಿಗೆ ತಂದಾಗ ಗಾಡಿ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಪರೀಕ್ಷೆಯನ್ನು ಗಾಡಿ ನಿಂತ ಜಾಗದಲ್ಲೇ, ನಿಂತ ಎರಡು ನಿಮಿಷದೊಳಗೆ ಮಾಡಬೇಕು. ರಸ್ತೆ ಬದಿಗೆ ಸರಿಸಿ, ಮೊಬೈಲಿನ ಟಾರ್ಚ್ ಹಚ್ಚಿ ಹಿಂದಿನವರಿಗೆ ಕಾಣುವಂತೆ ಇಡಿ, ಆಮೇಲೆ ಕೆಲಸ.

ಮೊದಲು ಟ್ಯಾಂಕಿನ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಒಳಗೆ ಎಳೆದುಕೊಂಡ ಸದ್ದು ಬಂದು, ಸ್ವಲ್ಪ ಹೊತ್ತಿನಲ್ಲೇ ಗಾಡಿ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಪಾಲಿಶ್ ಮಾಡಿಸುವಾಗಲೋ ಕ್ರೋಮ್ ಮಾಡಿಸುವಾಗಲೋ ಈ ತೂತು ಮುಚ್ಚಿಹೋಗುವುದುಂಟು. ಖರ್ಚು ಸೊನ್ನೆ.

ಮುಚ್ಚಳ ತೆರೆದರೂ ಬದಲಾವಣೆ ಇಲ್ಲವೆಂದರೆ ಆಗಲೇ ಕಿಡಿ ನೋಡಿ. ಪ್ಲಗ್ ಸುಡುತ್ತಿರುತ್ತದೆ, ಕೈಗವಸು ಬೇಕು. ಬಿಸಿಯಲ್ಲಿ ಕಿಡಿ ಇಲ್ಲ, ಇಪ್ಪತ್ತು ಮೂವತ್ತು ನಿಮಿಷ ಆರಿದ ಮೇಲೆ ಮತ್ತೆ ಬರುತ್ತದೆ ಎಂದಾದರೆ ಕಾಯಿಲ್ ಅಥವಾ ಕಂಡೆನ್ಸರ್. ಕಾಯಿಲಿನ ಒಳಗಿನ ಸಣ್ಣ ತಂತಿಯ ಲೇಪ ಒಡೆದಿದ್ದರೆ ಶಾಖಕ್ಕೆ ಹಿಗ್ಗಿ ಒಂದಕ್ಕೊಂದು ತಾಗುತ್ತದೆ, ಆರಿದ ಮೇಲೆ ಬಿಡಿಸಿಕೊಳ್ಳುತ್ತದೆ. ಮಲ್ಟಿಮೀಟರಿನಲ್ಲಿ ತಣ್ಣಗಿನ ಕಾಯಿಲ್ ಅಳೆದರೆ ಇದು ಗೊತ್ತಾಗುವುದೇ ಇಲ್ಲ. ಅಗ್ಗದ ಕಂಡೆನ್ಸರನ್ನು ಮೊದಲು ಬದಲಿಸಿ, ಅದಾದ ಮೇಲೂ ನಿಂತರೆ ಕಾಯಿಲ್.

ಕಿಡಿ ಬಿಸಿಯಲ್ಲೂ ಗಟ್ಟಿಯಾಗಿದೆ, ಪೆಟ್ರೋಲ್ ಬರುತ್ತಿದೆ, ಆದರೂ ನಿಂತಿತು ಎಂದರೆ ಮತ್ತೆ ಕಿಕ್ ಹೊಡೆಯುವ ಮುನ್ನ ತಡೆಯಿರಿ. ನಿಲ್ಲುವ ಮೊದಲು ಎಳೆತ ಕುಗ್ಗಿ, ಹಿಂದಿನಿಂದ ಯಾರೋ ಹಿಡಿದೆಳೆದಂತೆ ಆಗಿ, ಕಿರ್ ಎಂಬ ಸದ್ದು ಬಂದಿತ್ತೇ? ಹಾಗಿದ್ದರೆ ಪಿಸ್ಟನ್ ಸಿಲಿಂಡರನ್ನು ಹಿಡಿದುಕೊಂಡಿದೆ. ಓಡುವಾಗ ಈ ಲಕ್ಷಣ ಕಂಡ ಕ್ಷಣವೇ ಕ್ಲಚ್ ಒತ್ತಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಬಿಗಿದು ಬೀಳುತ್ತೀರಿ. ಹಿಡಿದುಕೊಂಡ ಇಂಜಿನ್ನಿಗೆ ನೀರು ಹಾಕಬೇಡಿ, ಲಿವರ್ ಮೇಲೆ ನಿಂತು ಒದೆಯಬೇಡಿ. ತಾನಾಗಿ ತಣ್ಣಗಾಗಲಿ.

ಪಿಸ್ಟನ್ ಹಿಡಿಯಲು ಮುಖ್ಯ ಕಾರಣ ಎಣ್ಣೆಯ ಕೊರತೆ ಅಥವಾ ಪೆಟ್ರೋಲ್ ಕಡಿಮೆಯಾಗಿ ಗಾಳಿ ಹೆಚ್ಚಾಗಿರುವುದು. ಲೀಟರ್ ಪೆಟ್ರೋಲಿಗೆ 40 ಮಿ.ಲೀ. ಟೂ-ಸ್ಟ್ರೋಕ್ ಎಣ್ಣೆ ಎಂಬ ಹಳೆಯ ಲೆಕ್ಕವನ್ನು, ಹೊಗೆ ಕಡಿಮೆ ಮಾಡುವ ಆಸೆಗೆ 20ಕ್ಕೆ ಇಳಿಸುವವರಿದ್ದಾರೆ. ಈ ಇಂಜಿನ್ನಿನ ಬೇರಿಂಗುಗಳಿಗೆ ಬೇರೆ ದಾರಿಯಿಂದ ಎಣ್ಣೆ ಬರುವುದಿಲ್ಲ, ಪೆಟ್ರೋಲಿನ ಜೊತೆ ಬಂದಷ್ಟೇ ಅವುಗಳ ಪಾಲಿಗೆ. ದಯವಿಟ್ಟು ಇಳಿಸಬೇಡಿ. ಇದೇ ಕಾರಣಕ್ಕೆ ಆಗುಂಬೆ, ಚಾರ್ಮಾಡಿಯಂಥ ಘಟ್ಟ ಇಳಿಯುವಾಗ ಥ್ರಾಟಲನ್ನು ಪೂರ್ತಿ ಮುಚ್ಚಿ ಗೇರಿನಲ್ಲೇ ಉದ್ದಕ್ಕೂ ಇಳಿಯಬಾರದು. ಇಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಎಣ್ಣೆ ಮಾತ್ರ ಬರುತ್ತಿರುವುದಿಲ್ಲ. ಆಗಾಗ ಕ್ಲಚ್ ಒತ್ತಿ ಒಂದಿಷ್ಟು ಥ್ರಾಟಲ್ ಕೊಡಿ.

ಒಮ್ಮೆ ಹಿಡಿದ ಇಂಜಿನ್ ಆರಿದ ಮೇಲೆ ಸ್ಟಾರ್ಟ್ ಆದರೂ ನಿಧಾನವಾಗಿ ಮನೆ ಸೇರಿಸಿ, ಸಿಲಿಂಡರ್ ಬಿಚ್ಚಿ ನೋಡುವವರೆಗೆ ಓಡಿಸಬೇಡಿ.

ಥ್ರಾಟಲ್ ಬಿಟ್ಟರೂ ಇಂಜಿನ್ ಕೂಗುತ್ತಲೇ ಇರುತ್ತದೆ

ಮೊದಲು ಕೇಬಲ್ ನೋಡಿ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿದಾಗ ಕೂಗು ಹೆಚ್ಚು ಕಡಿಮೆ ಆದರೆ ಕೇಬಲ್ ಬಿಗಿಯಾಗಿದೆ ಅಥವಾ ತಪ್ಪು ದಾರಿಯಲ್ಲಿ ಹಾದಿದೆ. ಸ್ಲೈಡ್ (ಥ್ರಾಟಲ್ ತಿರುಗಿಸಿದಾಗ ಕಾರ್ಬುರೇಟರಿನೊಳಗೆ ಮೇಲೆ ಕೆಳಗೆ ಸರಿಯುವ ಭಾಗ) ಸಿಕ್ಕಿಕೊಳ್ಳುತ್ತಿದ್ದರೆ ಕಾರ್ಬುರೇಟರ್ ಮೇಲ್ಮುಚ್ಚಳ ತೆಗೆದು, ಕೈಯಿಂದ ಬಿಟ್ಟಾಗ ಅದು ಟಕ್ ಎಂದು ಬೀಳುತ್ತದೆಯೇ ನೋಡಿ.

ಎರಡೂ ಸರಿಯಿದ್ದರೆ ಎಲ್ಲಿಂದಲೋ ಕಳ್ಳಗಾಳಿ ಒಳಗೆ ಹೋಗುತ್ತಿದೆ. ಕಾರ್ಬುರೇಟರ್ ಸಿಲಿಂಡರಿಗೆ ಸೇರುವ ಜಾಗಕ್ಕೆ ಕುಂಚದಿಂದ ಸೋಪಿನ ನೀರು ಹಚ್ಚಿ, ಇಂಜಿನ್ನಿನ ಸದ್ದು ಬದಲಾದರೆ ಸೋರಿಕೆ ಅಲ್ಲೇ. ಪೆಟ್ರೋಲನ್ನೋ ಉರಿಯುವ ಸ್ಪ್ರೇಯನ್ನೋ ಬಿಸಿ ಇಂಜಿನ್ ಮೇಲೆ ಸಿಂಪಡಿಸಿ ನೋಡುವ ಅಭ್ಯಾಸ ಕೆಲವರಿಗಿದೆ, ಅದು ಬೆಂಕಿಗೆ ಆಹ್ವಾನ. ಸೊಟ್ಟಗಾದ ಫ್ಲಾಂಜನ್ನು (ಆ ಜೋಡಣೆಯ ಚಪ್ಪಟೆ ಮುಖ) ದಪ್ಪ ಗಾಜಿನ ಮೇಲೆ ಮರಳುಕಾಗದ ಹರಡಿ ಉಜ್ಜಿ ಸಮ ಮಾಡಬಹುದು.

ಅಲ್ಲಿ ಸೋರಿಕೆ ಇಲ್ಲವೆಂದರೆ ಉಳಿದದ್ದು ಡೈನಮೋ ಬದಿಯ ಕ್ರ್ಯಾಂಕ್ (ಪಿಸ್ಟನ್ ತಿರುಗಿಸುವ ಅಚ್ಚು) ಆಯಿಲ್ ಸೀಲ್. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಈ ಸೀಲಿನ ರಬ್ಬರ್ ಗಟ್ಟಿಯಾಗಿರುತ್ತದೆ. ಹೀಗೆ ಕೂಗುವ ಇಂಜಿನ್ನನ್ನು ಓಡಿಸುತ್ತಾ ಹೋಗಬೇಡಿ. ಗಾಳಿ ಹೆಚ್ಚಾದಷ್ಟೂ ಬೆಂಕಿ ಬಿಸಿಯಾಗುತ್ತದೆ, ಮುಂದಿನ ನಿಲ್ದಾಣ ಪಿಸ್ಟನ್ ಹಿಡಿಯುವುದು.

ಬಿಳಿ ಹೊಗೆ ನಿಲ್ಲುವುದೇ ಇಲ್ಲ

ಸ್ಟಾರ್ಟ್ ಮಾಡಿದ ಮೊದಲ ಕೆಲವು ನಿಮಿಷ ಹೊಗೆ ಸಹಜ, ಸೈಲೆನ್ಸರಿನಲ್ಲಿ ಕೂತ ಎಣ್ಣೆ ಸುಡಬೇಕು. ಐದಾರು ಕಿ.ಮೀ. ಓಡಿದ ಮೇಲೂ ದಟ್ಟ ಹೊಗೆ ಬಂದರೆ ಎಣ್ಣೆಯ ಅಳತೆ ನೋಡಿಕೊಳ್ಳಿ. ಅಳತೆ ಸರಿಯಿದ್ದರೆ ಗೇರ್‌ಬಾಕ್ಸಿನ ಎಣ್ಣೆಯ ಮಟ್ಟವನ್ನು ಗುರುತು ಮಾಡಿಕೊಂಡು ಕೆಲವು ದಿನ ಓಡಿಸಿ. ಹೊರಗೆ ಒಂದು ಹನಿಯೂ ಸೋರದೆ ಮಟ್ಟ ಇಳಿದಿದ್ದರೆ, ಎಡಬದಿಯ ಸೀಲ್ ಹೋಗಿದೆ. ಪ್ರೈಮರಿ ಚೈನಿನ ಪೆಟ್ಟಿಗೆಯಲ್ಲಿರುವ ಎಣ್ಣೆಯನ್ನು ಕ್ರ್ಯಾಂಕ್ ಕೋಣೆ ಹೀರಿ ಸುಡುತ್ತಿದೆ. ಸುಡುವ ಗೇರ್ ಎಣ್ಣೆಯ ಘಾಟು ಟೂ-ಸ್ಟ್ರೋಕ್ ಎಣ್ಣೆಯದಕ್ಕಿಂತ ಬೇರೆ, ಒಮ್ಮೆ ಮೂಗಿಗೆ ಹತ್ತಿದರೆ ಮರೆಯುವುದಿಲ್ಲ.

ಎಳೆತವಿಲ್ಲ, ಏರು ಹತ್ತುವುದಿಲ್ಲ

ಮುಖ್ಯ ಸ್ಟ್ಯಾಂಡಿನಲ್ಲಿ ನಿಲ್ಲಿಸಿ ಹಿಂದಿನ ಚಕ್ರ ಕೈಯಿಂದ ತಿರುಗಿಸಿ. ಬ್ರೇಕ್ ಉಜ್ಜುತ್ತಿದ್ದರೆ ಇಂಜಿನ್ನಿನ ತಪ್ಪೇನೂ ಇಲ್ಲ. ಆಮೇಲೆ ಇಂಜಿನ್ ಓಡುವಾಗ ಎರಡೂ ಸೈಲೆನ್ಸರಿನ ಬಾಯಿಂದ ಒಂದು ಅಡಿ ದೂರದಲ್ಲಿ ಅಂಗೈ ಹಿಡಿಯಿರಿ. ಒಂದರಿಂದ ಬರುವ ಗಾಳಿ ಸೋತಿದ್ದರೆ ಆ ಬದಿಯಲ್ಲಿ ಮಸಿ ಕಟ್ಟಿದೆ. ಇದು ಹಳೆಯ ಟೂ-ಸ್ಟ್ರೋಕ್‌ಗಳ ಹುಟ್ಟುಗುಣ, ಕಾಲಕಾಲಕ್ಕೆ ತೆಗೆಯಲೇಬೇಕು.

ಸೈಲೆನ್ಸರಿನ ಒಳಗೆ ಸದ್ದು ತಗ್ಗಿಸುವ ಬ್ಯಾಫಲ್ ಎಳೆದು ಕೆರೆಯಿರಿ. ಗಟ್ಟಿಯಾಗಿ ಕೂತಿದ್ದರೆ ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ರಾತ್ರಿಯಿಡೀ ನೆನೆಸಬಹುದು. ನೀರಿಗೆ ಸೋಡಾವನ್ನು ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕುದಿದು ಮೈಮೇಲೆ ಚಿಮ್ಮುತ್ತದೆ. ರಬ್ಬರ್ ಕೈಗವಸು, ಕನ್ನಡಕ ಕಡ್ಡಾಯ. ಅಲ್ಯುಮಿನಿಯಂ ಭಾಗಗಳನ್ನು ಅದರ ಹತ್ತಿರ ತರಬೇಡಿ, ಅದು ಅವನ್ನು ತಿಂದುಹಾಕುತ್ತದೆ. ಸಿಲಿಂಡರಿನ ಹೊಗೆ ಬಾಯಿಗಳಲ್ಲೂ ಮಸಿ ಇರುತ್ತದೆ. ಪಿಸ್ಟನ್ನನ್ನು ಪೂರ್ತಿ ಮೇಲಕ್ಕೆ ತಂದು, ಅದು ಆ ಬಾಯಿಗಳನ್ನು ಒಳಗಿನಿಂದ ಮುಚ್ಚುವಂತೆ ಮಾಡಿ, ಮರದ ಚಕ್ಕೆಯಿಂದ ಕೆರೆಯಿರಿ. ಉಕ್ಕಿನ ಸ್ಕ್ರೂಡ್ರೈವರ್ ಪಿಸ್ಟನ್ನಿಗೆ ಗೀರು ಹಾಕುತ್ತದೆ.

ಮಸಿ ತೆಗೆದರೂ ಎಳೆತ ಬರದಿದ್ದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ. ಟೆಸ್ಟ್ ಲ್ಯಾಂಪಿನ ಒಂದು ತಂತಿ ಪಾಯಿಂಟಿಗೆ, ಇನ್ನೊಂದು ಬಾಡಿಗೆ ಸಿಕ್ಕಿಸಿ ಕೀ ಹಾಕಿ. ಪಾಯಿಂಟ್ ತೆರೆಯುವ ಕ್ಷಣಕ್ಕೆ ದೀಪ ಹೊತ್ತುತ್ತದೆ. ಆ ಕ್ಷಣದಲ್ಲಿ ಪಿಸ್ಟನ್ ಮೇಲ್ತುದಿಗಿಂತ ಎಷ್ಟು ಮಿ.ಮೀ. ಕೆಳಗಿರಬೇಕೆಂಬುದು ಮಾದರಿಯಿಂದ ಮಾದರಿಗೆ ಬೇರೆ, ನಿಮ್ಮ ಗಾಡಿಯ ಕೈಪಿಡಿಯ ಅಂಕಿಯನ್ನೇ ನಂಬಿ.

ಕೆಂಪು ದೀಪ ಆರುವುದಿಲ್ಲ

ಓಡುವಾಗಲೂ ದೀಪ ಉರಿಯುತ್ತಿದ್ದರೆ ಚಾರ್ಜ್ ಆಗುತ್ತಿಲ್ಲ. ಇಂಜಿನ್ನಿಗೆ ತುಸು ವೇಗ ಕೊಟ್ಟು ಬ್ಯಾಟರಿ ತುದಿಗಳಲ್ಲಿ ಅಳೆಯಿರಿ, 7 ವೋಲ್ಟಿನ ಮೇಲೆ ಬರಬೇಕು. ಬರದಿದ್ದರೆ ಡೈನಮೋದ ಕಾರ್ಬನ್ ಬ್ರಷ್ ಸವೆದಿದೆಯೇ, ಸ್ಪ್ರಿಂಗಿಗೆ ಒತ್ತುವ ಶಕ್ತಿ ಇದೆಯೇ ನೋಡಿ. ಬ್ರಷ್ ಉಜ್ಜುವ ತಾಮ್ರದ ಕಮ್ಯುಟೇಟರ್ ಕಪ್ಪಾಗಿದ್ದರೆ ಪೆಟ್ರೋಲ್ ಸೋಕಿಸಿದ ಬಟ್ಟೆಯಿಂದ, ಬ್ಯಾಟರಿ ತಂತಿ ಬಿಚ್ಚಿದ ಮೇಲೆ, ಒರೆಸಿ ಒಣಗಲು ಬಿಡಿ. ಅಷ್ಟಕ್ಕೂ ಸರಿಹೋಗದಿದ್ದರೆ ಚಾರ್ಜನ್ನು ಹತೋಟಿಯಲ್ಲಿಡುವ ರೆಗ್ಯುಲೇಟರನ್ನು ಬಗ್ಗಿಸಿ ತಿರುಚಿ ಪ್ರಯೋಗ ಮಾಡದೆ ಆಟೋ ಎಲೆಕ್ಟ್ರಿಷಿಯನ್ ಬಳಿ ಒಯ್ಯಿರಿ. ಮಿತಿ ಮೀರಿ ಚಾರ್ಜ್ ಆದ ಬ್ಯಾಟರಿ ಆಮ್ಲ ಉಕ್ಕಿಸುತ್ತದೆ, ಫ್ರೇಮಿನ ಬಣ್ಣವನ್ನು ಸುಡುತ್ತದೆ.

ಒಳಗಿನಿಂದ ಸದ್ದು ಬರುತ್ತದೆ

ತಣ್ಣಗಿರುವಾಗ ಟಪಟಪ ಎಂದು, ಬಿಸಿಯಾದಂತೆ ಕಡಿಮೆಯಾಗುವ ಸದ್ದು ಸವೆದ ಪಿಸ್ಟನ್ನಿನದು. ರೀಬೋರಿಗೆ (ಸಿಲಿಂಡರ್ ಕೊರೆದು ತುಸು ದೊಡ್ಡ ಪಿಸ್ಟನ್ ಹಾಕಿಸುವುದು) ದುಡ್ಡು ಕೂಡಿಸಿಕೊಳ್ಳುವವರೆಗೆ ಹುಷಾರಾಗಿ ಓಡಿಸಬಹುದು. ಬಿಸಿಯಾದಂತೆ ಹೆಚ್ಚಾಗುವ, ಎಳೆತ ಕೊಟ್ಟಾಗ ಕೆಳಗಿನಿಂದ ಕೇಳಿಬರುವ ಗಡಗಡ ಸದ್ದು ಕನೆಕ್ಟಿಂಗ್ ರಾಡಿನ ದೊಡ್ಡ ಬೇರಿಂಗಿನದು. ಅಲ್ಲಿಗೆ ಗಾಡಿ ನಿಲ್ಲಿಸಿ. ಆ ಬೇರಿಂಗ್ ಒಡೆದರೆ ರಾಡು ಕ್ರ್ಯಾಂಕ್ ಕೇಸನ್ನೇ ಸೀಳುತ್ತದೆ, ಮೈಸೂರಿನ ಕಾರ್ಖಾನೆಯ ಮೂಲ ಕೇಸಿಗೆ ಬದಲಿ ಹುಡುಕುವುದು ಬಹಳ ಕಷ್ಟ.

ಸಿಲಿಂಡರ್ ಬಿಚ್ಚಿ ರಾಡನ್ನು ಹಿಡಿದು ಮೇಲಕ್ಕೂ ಕೆಳಕ್ಕೂ ಎಳೆದು ನೋಡುವವರೆಗೆ ಮನೆಯ ಕೆಲಸ. ಆ ದಿಕ್ಕಿನಲ್ಲಿ ಕೈಗೆ ತಿಳಿಯುವಷ್ಟು ಅಲುಗಾಟ ಇರಬಾರದು, ಅಕ್ಕಪಕ್ಕಕ್ಕೆ ತುಸು ಸರಿದರೆ ತೊಂದರೆಯಿಲ್ಲ. ಕ್ರ್ಯಾಂಕನ್ನು ಒತ್ತಿ ಬಿಡಿಸಿ, ಹೊಸ ಪಿನ್ನು ಕೂರಿಸಿ, ಮತ್ತೆ ನೇರ ಮಾಡುವುದಕ್ಕೆ ಹೈಡ್ರಾಲಿಕ್ ಪ್ರೆಸ್, ಡಯಲ್ ಗೇಜ್, ಅನುಭವವುಳ್ಳ ಕೈ ಬೇಕು. ಸುತ್ತಿಗೆಯಿಂದ ಆಗುವ ಕೆಲಸವಲ್ಲ. ಕೊಡುವ ಮುನ್ನ ಆ ಲೇತ್ ಅಂಗಡಿಯವರು ಮೊದಲು ಇದೇ ಇಂಜಿನ್ನಿನ ಕ್ರ್ಯಾಂಕ್ ಮಾಡಿದ್ದಾರೆಯೇ ಎಂದು ವಿಚಾರಿಸಿ. ಬಿಚ್ಚಿದ ಪ್ರತಿ ಭಾಗದ ಫೋಟೊ ತೆಗೆದಿಟ್ಟುಕೊಳ್ಳಿ, ಶಿಮ್ಮುಗಳು (ಅಂತರ ತುಂಬುವ ತೆಳು ಬಿಲ್ಲೆಗಳು) ಯಾವ ಬದಿಯವೆಂದು ಚೀಟಿ ಅಂಟಿಸಿ. ಹೇಗೂ ಕೇಸ್ ತೆರೆದಿರುವುದರಿಂದ ಎರಡೂ ಬದಿಯ ಸೀಲ್ ಮತ್ತು ಬೇರಿಂಗುಗಳನ್ನು ಆಗಲೇ ಹೊಸದು ಹಾಕಿಸಿ. ಹಳೆಯ ರಾಡು, ಪಿನ್ನುಗಳನ್ನು ಅಂಗಡಿಯಲ್ಲಿ ಬಿಡದೆ ಕೇಳಿ ತೆಗೆದುಕೊಂಡು ಬನ್ನಿ. ಸವೆತ ಎಲ್ಲಿ ಆಗಿದೆ, ಎಣ್ಣೆ ಸಾಲದೆ ನೀಲಿಗಟ್ಟಿದೆಯೇ ಎಂಬುದನ್ನು ಅವುಗಳ ಮೇಲೆಯೇ ನೋಡಬಹುದು.